ಅಕ್ಕನ ಸಮೇತ ಒಂದು ಮನೆ

ಕೊಳ್ಳೇಗಾಲದ ಬಸ್ ನಿಲ್ದಾಣದ ಹಿಂದೆ ಮಿಕ್ಸಿ, ಫ್ಯಾನು, ಪಂಪ್‌ಸೆಟ್ಟುಗಳಿಗೆ ವೈಂಡಿಂಗ್ ಮಾಡಿಕೊಡುವ ಚನ್ನಬಸವನಿಗೆ ಕಾನೂನು ಗೊತ್ತಿತ್ತು. ಯಾವ ಕಾನೂನು ಎಂದು ಕೇಳಬಾರದು, ಎಲ್ಲವೂ ಗೊತ್ತಿತ್ತು. ಫೋನನ್ನು ಎಣ್ಣೆ ಡಬ್ಬಿಗೆ ಒರಗಿಸಿಟ್ಟುಕೊಂಡು, ಮೋಟಾರಿಗೆ ತಂತಿ ಸುತ್ತುತ್ತಾ, ಮನೆ ಕೊಳ್ಳುವವರು ಹೇಗೆಲ್ಲ ಮೋಸ ಹೋಗುತ್ತಾರೆ ಎಂಬ ವಿಡಿಯೋಗಳನ್ನು ಬೆಳಗಿನಿಂದ ಸಂಜೆಯವರೆಗೆ ಕೇಳಿ ಕೇಳಿ, ಅವನೀಗ ಯಾವ ಮಾತನ್ನಾದರೂ 'ಕಾನೂನು ಪ್ರಕಾರ ನೋಡುದ್ರೆ' ಎಂದೇ ಶುರುಮಾಡುತ್ತಿದ್ದ. ಹೆಂಡತಿ ಕೋಮಲ ಸಾರಿಗೆ ಉಪ್ಪು ಕಡಿಮೆ ಹಾಕಿದ ದಿನವೂ ಕಾನೂನು ಪ್ರಕಾರವೇ ನೋಡುತ್ತಿದ್ದ.

ಇಷ್ಟೊಂದು ಕಾನೂನು ತಲೆಗೇರುವುದಕ್ಕೆ ಕಾರಣವಿತ್ತು. ಮದುವೆಯಾದಾಗಿನಿಂದ ಬಾಡಿಗೆಗಿದ್ದ ಮನೆಯನ್ನು ಅವನು ಕೊಳ್ಳಲು ಹೊರಟಿದ್ದ. ಹಳೇ ಹೆಂಚಿನ ಮನೆ. ಮುಂದೆ ಜಗಲಿ, ಹಿಂದೆ ಬಾವಿಕಟ್ಟೆ, ನಡುವೆ ತಲೆ ತಗ್ಗಿಸಿ ಹೋಗಬೇಕಾದ ಬಾಗಿಲುಗಳು. ಅವನ ಇಬ್ಬರು ಹೆಣ್ಣುಮಕ್ಕಳೂ ಅದೇ ಜಗಲಿಯಿಂದ ಉರುಳಿ ಬಿದ್ದು ದೊಡ್ಡವರಾಗಿದ್ದರು. ಆ ಮನೆ ತನ್ನದಲ್ಲ ಎಂಬುದು ತಿಂಗಳಿಗೊಮ್ಮೆ ಬಾಡಿಗೆ ಕೊಡುವಾಗ ಮಾತ್ರ ಅವನಿಗೆ ನೆನಪಾಗುತ್ತಿತ್ತು.

ಮನೆಯ ಯಜಮಾನ ಸದಾಶಿವಪ್ಪ ಹನೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದ. ಬೆಲೆ ಕುದುರಿ, ಮುಂಗಡವೂ ಕೊಟ್ಟಾಗಿತ್ತು. ಆದರೆ ಒಂದು ಗಡುವಿತ್ತು. ಆಷಾಢ ಹುಟ್ಟುವುದರೊಳಗೆ ನೋಂದಣಿ ಮುಗಿಯಬೇಕು. ಆಷಾಢದಲ್ಲಿ ಈ ಸೀಮೆಯಲ್ಲಿ ಯಾರೂ ಮನೆ ಕೊಳ್ಳುವುದಿಲ್ಲ. ಶ್ರಾವಣ ಬಂದರೆ ಸತ್ಯಮಂಗಲದ ಈರುಳ್ಳಿ ಮಂಡಿಯವನೊಬ್ಬ ಚೀಲದಲ್ಲಿ ದುಡ್ಡು ಕಟ್ಟಿಕೊಂಡು ಬರುತ್ತಾನೆ, ಮನೆ ಕೆಡವಿ ಗೋಡೌನು ಕಟ್ಟುತ್ತಾನೆ. ಇದನ್ನು ಸದಾಶಿವಪ್ಪನೇ ಹೇಳಿದ್ದ, ಅದೂ ನಗುತ್ತಾ ಹೇಳಿದ್ದ. ಅಂದಿನಿಂದ ಚನ್ನಬಸವನಿಗೆ ಈರುಳ್ಳಿ ಕಂಡರೆ ಆಗುತ್ತಿರಲಿಲ್ಲ.

"ಒಬ್ಬ ಲಾಯರ್‌ಗೆ ತೋರ್ಸಿ ಅಂದ್ರೆ," ಎಂದಳು ಕೋಮಲ.

"ಲಾಯರ್‌ಗೆ ನಾನೇ ಏಳ್ಕೊಡ್ತೀನಿ ಕಣೆ," ಎಂದ ಚನ್ನಬಸವ.

ಹೀಗಿರಲು ಒಂದು ಮಧ್ಯಾಹ್ನ ವಿಡಿಯೋದಲ್ಲಿ ಕನ್ನಡಕದವನೊಬ್ಬ ಬೆರಳೆತ್ತಿ ಎಚ್ಚರಿಸಿದ: ತಂದೆಯ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು, ಅವರ ಸಹಿ ಇಲ್ಲದೆ ಕ್ರಯಪತ್ರ ಮಾಡಿಸಿಕೊಂಡರೆ ಮುಂದೆ ಕೋರ್ಟಿನ ಮೆಟ್ಟಿಲೇ ಗತಿ. ಚನ್ನಬಸವನ ಕೈಯಲ್ಲಿದ್ದ ತಂತಿ ಸುರುಳಿ ಜಾರಿತು. ಮನೆ ಸದಾಶಿವಪ್ಪನಿಗೆ ತಂದೆಯಿಂದ ಬಂದದ್ದು, ಅವನಿಗೆ ಯಳಂದೂರಿನಲ್ಲಿ ಒಬ್ಬಳು ಅಕ್ಕ ಇದ್ದಳು. ಮರುದಿನ ಮೊದಲ ಬಸ್ಸಿಗೇ ಹನೂರಿಗೆ ಓಡಿದ.

"ನಿಮ್ಮ ಅಕ್ಕಾರ ಸಹಿ ಬೇಕು ಸಾ."

ಸದಾಶಿವಪ್ಪ ಗೊಬ್ಬರದ ಮೂಟೆಯ ಮೇಲಿಂದ ಕಣ್ಣೆತ್ತಲಿಲ್ಲ. "ನಂಗೆ ಅಕ್ಕ ಇಲ್ಲ."

"ಕಾನೂನು ಪ್ರಕಾರ ಅವ್ರೆ ಸಾ."

"ಕಾನೂನಿಗೆ ಇದ್ರೆ ಕಾನೂನೇ ಓಗಿ ಸಹಿ ಇಸ್ಕಂಡ್ ಬರ್ಲಿ."

ಅಂಗಡಿಗೆ ಬಂದಿದ್ದ ಚಿಕ್ಕಮಾದಪ್ಪ ಎಂಬ ರೈತ, ಚನ್ನಬಸವನನ್ನು ಪಕ್ಕಕ್ಕೆಳೆದು ಕಥೆ ಹೇಳಿದ. ಸದಾಶಿವಪ್ಪ ಹನೂರಿನಲ್ಲಿ ಹೊಸ ಮನೆ ಕಟ್ಟಿ ಗೃಹಪ್ರವೇಶ ಇಟ್ಟುಕೊಂಡಿದ್ದಾಗ ಕೆಲಸ ಬಹಳವಿತ್ತಂತೆ. ಅಕ್ಕನ ಮನೆಗೆ ತಾನೇ ಹೋಗಿ ಕುಂಕುಮವಿಟ್ಟು ಕರೆಯುವ ಬದಲು, ಯಳಂದೂರಿನ ಕಡೆ ಹೊರಟಿದ್ದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಲಗ್ನಪತ್ರಿಕೆಯಂಥ ಒಂದು ಕಾರ್ಡು ಕೊಟ್ಟು ಕಳಿಸಿಬಿಟ್ಟನಂತೆ. ಅಕ್ಕ ಬರಲಿಲ್ಲ. ಬರಲಿಲ್ಲವೆಂದು ತಮ್ಮ ಮುನಿದ, ಕರೆಯಲಿಲ್ಲವೆಂದು ಅಕ್ಕ ಮುನಿದಳು. ಅವತ್ತಿನಿಂದ ಇಬ್ಬರ ನಡುವೆ ಮಾತಿಲ್ಲ.

"ಆ ಕಂಡಕ್ಟರ್‌ಗೆ ಊಟ ಆಕಿ ಕಳ್ಸುದ್ಲಂತೆ," ಎಂದ ಚಿಕ್ಕಮಾದಪ್ಪ. "ಕರ್ದೋನು ಇವನೇ ತಾನೆ ಅಂತವ."

ಚನ್ನಬಸವ ಅದೇ ದಿನ ಯಳಂದೂರಿಗೆ ಬಸ್ಸು ಹಿಡಿದ. ಶಿವರತ್ನಮ್ಮ ಜಗಲಿಯಲ್ಲಿ ಕುಳಿತು ಹುಣಿಸೆಹಣ್ಣು ಕುಟ್ಟುತ್ತಿದ್ದಳು. ತುಂಬಿದ ಮೈ, ಹಣೆಯ ಮೇಲೆ ಮೂರು ಬೆರಳು ವಿಭೂತಿ, ಎದುರಿಗಿದ್ದವರನ್ನು ಕುಟ್ಟುವಂಥ ನೋಟ. ಇವನು ಹೇಳಿದ್ದನ್ನೆಲ್ಲ ಕೇಳಿ, ಕಾಫಿ ಕೊಟ್ಟು, ಕಡೆಗೆ ಬಾಯಿ ಬಿಟ್ಟಳು.

"ನನ್ ಪಾಲು ನಾನ್ ಬುಡಾಕಿಲ್ಲ ಕಣಪ್ಪ, ಅದು ನ್ಯಾಯವಾಗಿ ಬರ್ಲಿ. ಸಹಿ ಆಕಾಕಿಲ್ಲ ಅಂತ್ಲೂ ಅನ್ನಾಕಿಲ್ಲ. ಆದ್ರೆ ನಾನ್ ಉಟ್ಟಿದ್ ಮನೆ ಮಾರಾವಾಗ ನನ್ನ ಕರೀಬೇಕೋ ಬ್ಯಾಡ್ವೋ? ಕರೀಲಿ. ಬತ್ತೀನಿ."

ಬಸ್ಸಿನಲ್ಲಿ ವಾಪಸ್ಸು ಬರುವಾಗ ಚನ್ನಬಸವನಿಗೆ ಕೂತರೂ ತಡೆಯಲಿಲ್ಲ, ನಿಂತರೂ ತಡೆಯಲಿಲ್ಲ. ಹನೂರಿನವನು ಕರೆಯುವುದಿಲ್ಲ, ಯಳಂದೂರಿನವಳು ಕರೆಯದೆ ಬರುವುದಿಲ್ಲ, ಜ್ಯೇಷ್ಠ ಮಾಸ ಇಬ್ಬರನ್ನೂ ಕೇಳದೆ ಮುಗಿಯುತ್ತಾ ಇದೆ. ಆಗ ಅವನ ತಲೆಯಲ್ಲಿ ಒಂದು ಯೋಚನೆ ಮಿಂಚಿತು. ಕರೆಯಬೇಕು ತಾನೆ? ಕಾನೂನು ಪ್ರಕಾರ ಕರೆದರಾಯಿತು. ನೋಟಿಸು!

ಪಕ್ಕದ ಮನೆಯ ಪರಮೇಶ ಇದಕ್ಕೆ ಒತ್ತಾಸೆಯಾಗಿ ನಿಂತ. ಪರಮೇಶ ಕೇಬಲ್ ಟಿವಿಯ ವಸೂಲಿಯವನು. ಊರಿನ ಹತ್ತಾರು ಕ್ರಯಪತ್ರಗಳಿಗೆ ಸಾಕ್ಷಿ ಸಹಿ ಹಾಕಿ ಹೋಟೆಲಿನಲ್ಲಿ ದೋಸೆ ತಿಂದ ಅನುಭವಸ್ಥ. ಇಬ್ಬರೂ ಜಗಲಿಯ ಮೇಲೆ ಕುಳಿತು ಒಂದು ಸಂಜೆಯೆಲ್ಲ ಬೆವರಿ ಬರೆದರು: 'ಈ ಮೂಲಕ ತಮಗೆ ತಿಳಿಯಪಡಿಸುವುದೇನೆಂದರೆ, ಸದರಿ ಮನೆಯಲ್ಲಿ ಜನಿಸಿದ ತಾವು ಬರುವ ಭಾನುವಾರ ಸದರಿ ಮನೆಗೆ ಖುದ್ದಾಗಿ ಹಾಜರಾಗತಕ್ಕದ್ದು. ತಪ್ಪಿದಲ್ಲಿ ತಮ್ಮ ಮೇಲೆ ಮುಂದಿನ ಕ್ರಮ ಜರುಗಿಸಲಾಗುವುದು.'

"ಮುಂದಿನ ಕ್ರಮ ಅಂದ್ರೆ ಏನ್ಲಾ?" ಎಂದು ಚನ್ನಬಸವ ಕೇಳಿದ.

"ಗೊತ್ತಿಲ್ಲ ಕಣ್ಲಾ. ಎಲ್ಲಾ ನೋಟಿಸಲ್ಲೂ ಕಡೇಲಿ ಇದ್ದೇ ಇರ್ತದೆ," ಎಂದ ಪರಮೇಶ.

ರಿಜಿಸ್ಟರ್ಡ್ ಪೋಸ್ಟು ಯಳಂದೂರು ಮುಟ್ಟಿದಾಗ ಏನಾಯಿತೆಂಬುದು ಚನ್ನಬಸವನಿಗೆ ಆಮೇಲೆ ತಿಳಿಯಿತು. ಶಿವರತ್ನಮ್ಮನ ಗಂಡ ವೃಷಭೇಂದ್ರಪ್ಪ ಬಹಳ ಸಾಧು. ಸರ್ಕಾರಿ ಜೀಪು ಬೀದಿಯಲ್ಲಿ ಹೋದರೂ ಎದ್ದು ನಿಲ್ಲುವವನು. ನೋಟಿಸು ಓದಿ, 'ಮುಂದಿನ ಕ್ರಮ' ಎಂಬಲ್ಲಿಗೆ ಬಂದವನು ಹಾಗೇ ಗೋಡೆಗೆ ಒರಗಿ ಕುಳಿತುಬಿಟ್ಟನಂತೆ. ನೆರೆಯವರು ನೀರು ಚಿಮುಕಿಸಿದರು. ಒಬ್ಬ ಇದು ಪೊಲೀಸಿನವರ ಕಾಗದ ಎಂದ, ಇನ್ನೊಬ್ಬ ಜಪ್ತಿ ಎಂದ, ಎಮ್ಮೆಯನ್ನಾದರೂ ಉಳಿಸಿಕೊಳ್ಳೋಣವೆಂದು ಮೈದುನನೊಬ್ಬ ಎಮ್ಮೆ ಹೊಡೆದುಕೊಂಡು ಪಕ್ಕದ ಹಳ್ಳಿಗೆ ಹೋದ. ಶಿವರತ್ನಮ್ಮ ಮಾತ್ರ ಸೆರಗು ಬಿಗಿದಳು.

ಭಾನುವಾರ ಬೆಳಿಗ್ಗೆ ಚನ್ನಬಸವನ ಮನೆ ಮುಂದೆ ಗೂಡ್ಸ್ ಟೆಂಪೊ ಒಂದು ನಿಂತಿತು. ಅದರಿಂದ ವೃಷಭೇಂದ್ರಪ್ಪ, ಭಾವ, ಮೈದುನ, ಓರಗಿತ್ತಿ, ಅವರ ಮಕ್ಕಳು ಒಬ್ಬರ ಹಿಂದೆ ಒಬ್ಬರಂತೆ ಇಳಿದರು. ಕಡೆಗೆ ಶಿವರತ್ನಮ್ಮ ಇಳಿದು ನೋಟಿಸನ್ನು ಬಾವುಟದಂತೆ ಎತ್ತಿ ಹಿಡಿದಳು. ಬೀದಿಯ ಬಾಗಿಲುಗಳೆಲ್ಲ ತೆರೆದುಕೊಂಡವು.

"ಯಾವನ್ಲಾ ಅವನು ನಂಗೆ ಕ್ರಮ ಜರುಗ್ಸೋನು? ಬಾ ಈಚೆಗೆ! ನಾನ್ ಉಟ್ಟಿದ್ ಮನೆಗೆ ನನ್ನ ಆಜರಾಗು ಅಂತ ಬರೀತೀಯಾ?"

ಚನ್ನಬಸವ ಬಾಗಿಲ ಹಿಂದೆ ನಿಂತು ಫೋನಿನಲ್ಲಿ 'ನೋಟಿಸು ಹಿಂಪಡೆಯುವುದು ಹೇಗೆ' ಎಂದು ಹುಡುಕುತ್ತಿದ್ದ. ಪರಮೇಶನ ಮನೆಯ ಬಾಗಿಲು ಮಾತ್ರ ಮುಚ್ಚಿತ್ತು. ಹೊರಗೆ ಬಂದವಳು ಕೋಮಲ. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, "ಬನ್ನಿ ಅಕ್ಕಾ, ಬಿಸ್ಲಲ್ಲಿ ನಿಂತ್ಕಬ್ಯಾಡಿ. ಬೈಯೋದಿದ್ರೆ ತಿಂಡಿ ತಿನ್ಕಂಡು ಬೈರಿ, ನಾನೂ ಎರಡು ಮಾತು ಸೇರಿಸ್ತೀನಿ," ಎಂದಳು.

ಹಸಿದವರು ಜಗಳಕ್ಕೂ ಸೈ, ಉಪ್ಪಿಟ್ಟಿಗೂ ಸೈ. ಜಗಲಿ ತುಂಬ ಎಲೆ ಬಿದ್ದವು. ಶಿವರತ್ನಮ್ಮ ಮಾತ್ರ ತಿನ್ನದೆ ಮನೆಯೊಳಗೆ ತಿರುಗಾಡುತ್ತಿದ್ದಳು. ಒಂದೊಂದು ಕಂಬವನ್ನೂ ಮುಟ್ಟಿದಳು. ಹಿತ್ತಲಿಗೆ ಹೋಗಿ ಬಾವಿಗೆ ಇಣುಕಿದಳು. ತನ್ನವ್ವ ಬೆಣ್ಣೆ ಗಡಿಗೆ ಇಡುತ್ತಿದ್ದ ಗೂಡಿನಲ್ಲಿ ಕೋಮಲ ಇಂದಿಗೂ ಬೆಣ್ಣೆಯನ್ನೇ ಇಟ್ಟಿದ್ದನ್ನು ಕಂಡಾಗ ಆ ಗೂಡಿನೊಳಗೆ ಕೈಯಿಟ್ಟು ನೋಡಿದಳು. ಬೈಗುಳಗಳೆಲ್ಲ ಎಲ್ಲಿಗೋ ಹೋದವು.

ಹೊರಡುವ ಹೊತ್ತಿಗೆ ಕೋಮಲ ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಒಂದು ಹಸಿರು ರವಿಕೆ ಕಣ ಇಟ್ಟುಕೊಂಡು ಬಂದಳು. "ಉಟ್ಟಿದ್ ಮನೆಯಿಂದ ಬರಿ ಮಡ್ಲಲ್ಲಿ ಓಗ್ಬಾರ್ದು ಅಕ್ಕಾ. ಸೆರಗೊಡ್ಡಿ," ಎಂದಳು. ಅವಳಿಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ. ಆದರೆ ಶಿವರತ್ನಮ್ಮ ಸೆರಗೊಡ್ಡಿದವಳು ಅಲ್ಲೇ ನಿಂತು ಗಟ್ಟಿಯಾಗಿ ಅತ್ತುಬಿಟ್ಟಳು. ಅವ್ವ ಸತ್ತಮೇಲೆ ಆ ಹೊಸ್ತಿಲಲ್ಲಿ ಯಾರೂ ಅವಳಿಗೆ ಮಡಿಲಕ್ಕಿ ಹಾಕಿರಲಿಲ್ಲ. ವೃಷಭೇಂದ್ರಪ್ಪನೂ ಟವೆಲಿನಿಂದ ಕಣ್ಣೊರೆಸಿಕೊಂಡ.

"ತಮ್ಮಾ," ಎಂದಳು ಶಿವರತ್ನಮ್ಮ ಬಾಗಿಲ ಸಂದಿಯಿಂದ ಇಣುಕುತ್ತಿದ್ದ ಚನ್ನಬಸವನಿಗೆ. "ಬಾ ಈಚೆಗೆ. ಇನ್ಮ್ಯಾಲೆ ನೀನೇ ನನ್ ತಮ್ಮ. ಯಾವತ್ತು ಸಹಿ ಆಕ್ಬೇಕು ಏಳು, ಬತ್ತೀನಿ."

ಅಂದು ಚನ್ನಬಸವ ಎರಡು ತುತ್ತು ಹೆಚ್ಚು ಉಂಡ. ಆದರೆ ಮರುದಿನ ಬೆಳಿಗ್ಗೆ ಪರಮೇಶನ ಬಾಗಿಲು ತೆರೆಯಿತು.

"ಮಡಿಲಕ್ಕಿ ಕೊಟ್ರಂತಲ್ಲಾ?" ಎಂದ ಪರಮೇಶ, ಯಾರೋ ತೀರಿಕೊಂಡರಂತಲ್ಲಾ ಎನ್ನುವ ದನಿಯಲ್ಲಿ. "ಕೆಟ್ಟೆ ಕಣ್ಲಾ ನೀನು. ಮಡ್ಲು ತುಂಬುದ್ಮೇಲೆ ಅವಳು ನಿನ್ ಮನೆಮಗಳು. ಮನೆಮಗಳು ಅಂದ್ಮೇಲೆ ಸಮಪಾಲು. ನೀನ್ ತಾನೆ ಏಳ್ತಿದ್ದೆ ಕಾನೂನ? ಇವತ್ತು ಮಾರೋಳೂ ಅವಳೇ, ನಾಳೆ ಬಾಗ ಕೇಳೋಳೂ ಅವಳೇ. ಬೀದಿಯವರೆಲ್ಲಾ ಸಾಕ್ಷಿ ಬೇರೆ!"

ಚನ್ನಬಸವ ಅಂಗಡಿಗೆ ಹೋಗಿ ಫೋನು ತೆರೆದು ಹುಡುಕಿದ. ಹಕ್ಕುಬಿಡುಗಡೆ ಪತ್ರದ ಮೇಲೆ ವಿಡಿಯೋ ಇತ್ತು, ದಾನಪತ್ರದ ಮೇಲೆ ಇತ್ತು, ವಿಲ್ಲಿನ ಮೇಲೆ ಇತ್ತು, ಮಡಿಲಕ್ಕಿಯ ಮೇಲೆ ಒಂದೂ ಇರಲಿಲ್ಲ. ಇದರಿಂದ ಅವನ ಹೆದರಿಕೆ ಇನ್ನೂ ಹೆಚ್ಚಿತು. ಕನ್ನಡಕದವನೂ ಬಾಯಿ ಬಿಡಲು ಹೆದರುವ ಕಾನೂನು ಎಂದರೆ ಎಷ್ಟು ದೊಡ್ಡದಿರಬೇಕು! ಅಂದು ಅವನು ವೈಂಡಿಂಗ್ ಮಾಡಿದ ಫ್ಯಾನುಗಳೆಲ್ಲ ಉಲ್ಟಾ ತಿರುಗಿ ಗಾಳಿಯನ್ನು ಸೂರಿಗೆ ಬೀಸಿದವು. ಸಿಟ್ಟಿನಿಂದ ಉರಿದು ಬಂದ ಗಿರಾಕಿಗಳಿಗೆ, "ಕಾನೂನು ಪ್ರಕಾರ ನೋಡುದ್ರೆ..." ಎಂದು ಶುರುಮಾಡಿ ಮುಂದೆ ತೋಚದೆ ನಿಲ್ಲಿಸಿದ.

"ಆ ಅಕ್ಕಿ ವಾಪಸ್ ಕೇಳುದ್ರೆ ಎಂಗೆ?" ಎಂದು ಮನೆಗೆ ಬಂದು ಕೋಮಲಳನ್ನು ಕೇಳಿದ.

ಕೋಮಲ ಸೌಟು ಹಿಡಿದು ಅವನನ್ನೇ ನೋಡಿದಳು. ಅವನು ಮತ್ತೆ ಆ ಮಾತೆತ್ತಲಿಲ್ಲ.

ಆದರೂ ಒಂದು ದಾರಿ ಹುಡುಕಿದ. ಶಿವರತ್ನಮ್ಮ ಸದಾಶಿವಪ್ಪನಿಗೆ ಅಕ್ಕ, ತನಗಲ್ಲ ಎಂಬುದಕ್ಕೆ ಸರ್ಕಾರದ ಪುರಾವೆಯನ್ನೇ ಕ್ರಯಪತ್ರದ ಜೊತೆ ಲಗತ್ತಿಸಿಬಿಟ್ಟರೆ? ವಂಶವೃಕ್ಷ! ಅದಕ್ಕಾಗಿ ಮತ್ತೆ ಹನೂರಿಗೆ ಓಡಿದ. ಸುದ್ದಿ ಅಷ್ಟರಲ್ಲಿ ಅವನಿಗಿಂತ ಮೊದಲ ಬಸ್ಸಿಗೇ ಹನೂರು ತಲುಪಿತ್ತು. ಸದಾಶಿವಪ್ಪನ ಮುಖ ಕಪ್ಪಿಟ್ಟಿತ್ತು.

"ನಮ್ಮಕ್ಕಂಗೆ ಮಡಿಲಕ್ಕಿ ಕೊಡಕ್ಕೆ ನೀನ್ ಯಾವನಯ್ಯಾ?"

"ನಿಮಗೆ ಅಕ್ಕ ಇಲ್ಲ ಅಂದ್ರಲ್ಲಾ ಸಾ."

ಸದಾಶಿವಪ್ಪ ವಂಶವೃಕ್ಷದ ಕಾಗದವನ್ನು ಗಲ್ಲಾಪೆಟ್ಟಿಗೆಯಿಂದ ತೆಗೆದು ಅವನ ಮುಂದೆ ಎಸೆದ. ಶುಕ್ರವಾರ ಬರುತ್ತೇನೆಂದ. ಅದು ಆಷಾಢಕ್ಕೆ ಮುಂಚಿನ ಕಡೆಯ ಶುಕ್ರವಾರವಾಗಿತ್ತು.

ಆ ಶುಕ್ರವಾರ ನೋಂದಣಿ ಕಚೇರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ತಾಲ್ಲೂಕಿನ ಮುಕ್ಕಾಲು ಜನ ಆಷಾಢಕ್ಕೆ ಹೆದರಿ ಅಲ್ಲೇ ಸೇರಿದ್ದರು. ಶಿವರತ್ನಮ್ಮ ಕೋಮಲ ಕೊಟ್ಟ ಹಸಿರು ಕಣದಲ್ಲಿ ಹೊಲಿಸಿದ ರವಿಕೆ ತೊಟ್ಟು ಬಂದಿದ್ದಳು. ಸದಾಶಿವಪ್ಪ ದೂರದ ಬೆಂಚಿನಲ್ಲಿ ಕುಳಿತು ಗೋಡೆ ನೋಡುತ್ತಿದ್ದ. ಆಗಾಗ ಆ ರವಿಕೆಯನ್ನೂ ನೋಡುತ್ತಿದ್ದ. ಚನ್ನಬಸವ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಓಡಾಡಿ ಸರದಿಯಲ್ಲಿದ್ದವರ ತಲೆ ತಿರುಗಿಸಿದ.

ಸಂಜೆ ಹತ್ತಿರವಾಗುವಾಗ ಇವರ ಸರದಿ ಬಂತು. ನೋಂದಣಾಧಿಕಾರಿ ಪವಿತ್ರ ಎಂಬ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಾಗದಗಳನ್ನು ಒಂದೊಂದಾಗಿ ತಿರುವಿದರು.

"ಈ ವಂಶವೃಕ್ಷ ಯಾಕೆ ಇಟ್ಟಿದ್ದೀರಿ? ನಾನು ಕೇಳಿರಲಿಲ್ಲ."

"ಸೇಫ್ಟಿಗೆ ಮೇಡಂ," ಎಂದ ಚನ್ನಬಸವ ಹೆಮ್ಮೆಯಿಂದ.

ಪವಿತ್ರ ಶಿವರತ್ನಮ್ಮನ ಕಡೆ ತಿರುಗಿದರು. "ನಿಮ್ಮ ಸ್ವಂತ ಒಪ್ಪಿಗೆಯಿಂದ ಸಹಿ ಹಾಕ್ತಿದ್ದೀರಾ ಅಮ್ಮಾ? ಯಾರದೂ ಬಲವಂತ ಇಲ್ವಲ್ಲ?"

"ಬಲವಂತ ಯಾಕವ್ವಾ? ನನ್ ತಮ್ಮನ ಮನೆಗೆ ನಾನ್ ಸಹಿ ಆಕ್ತಿವ್ನಿ."

"ಮಾರ್ತಿರೋ ಸದಾಶಿವಪ್ಪನವರು ತಾನೆ ತಮ್ಮ?"

"ಅವನಲ್ಲ. ಮನೆ ತಕತಾವ್ನೆ ನೋಡು, ಇವನು." ಶಿವರತ್ನಮ್ಮ ಚನ್ನಬಸವನ ಭುಜದ ಮೇಲೆ ಕೈಯಿಟ್ಟಳು.

ಪವಿತ್ರ ಪೆನ್ನು ಕೆಳಗಿಟ್ಟು ವಂಶವೃಕ್ಷವನ್ನು ಎತ್ತಿಕೊಂಡರು. "ಇದರಲ್ಲಿ ಒಬ್ಬಳು ಮಗಳು, ಒಬ್ಬನೇ ಮಗ ಅಂತಿದೆ. ಒಬ್ಬ ವಾರಸುದಾರನ ಹೆಸರು ಬಿಟ್ಟು ಮಾಡಿಸಿದ್ದೀರಾ? ಹಾಗಾದ್ರೆ ಇದು ಸುಳ್ಳು ದಾಖಲೆ. ನಾನು ನೋಂದಣಿ ಮಾಡೋಕಾಗಲ್ಲ." ಚನ್ನಬಸವನನ್ನು ನೇರವಾಗಿ ನೋಡಿದರು. "ನೀವೇ ಹೇಳಿ. ಇವರು ನಿಮಗೆ ಅಕ್ಕನಾ, ಅಲ್ವಾ? ಒಂದೇ ಮಾತು."

ಅಲ್ಲ ಎಂದರೆ ಮನೆ. ಹೌದು ಎಂದರೆ ಆಷಾಢ, ಆಮೇಲೆ ಶ್ರಾವಣ, ಆಮೇಲೆ ಈರುಳ್ಳಿ. ಸಾಕ್ಷಿ ಸಹಿಗೆ ಬಂದಿದ್ದ ಪರಮೇಶ ಹಿಂದಿನಿಂದ, "ಅಲ್ಲ ಅನ್ಲಾ, ಅಲ್ಲ ಅನ್ನು," ಎಂದು ಪಿಸುಗುಟ್ಟುತ್ತಾ ಪಕ್ಕೆಗೆ ತಿವಿದ. ಎಷ್ಟು ಸುಲಭ! ಅದು ನಿಜವೂ ಹೌದು, ಕಾನೂನೂ ಹೌದು. ಚನ್ನಬಸವ ಬಾಯಿ ತೆರೆದ. ಭುಜದ ಮೇಲಿದ್ದ ಕೈ ಹಾಗೇ ಇತ್ತು. ಈ ಹೆಂಗಸನ್ನು ಒಬ್ಬ ತಮ್ಮ ಆಗಲೇ ಇಲ್ಲವೆಂದಾಗಿದೆ, ಎರಡನೆಯವನೂ ಹೇಗೆ ಇಲ್ಲವೆನ್ನುವುದು? ಅವನಿಗೆ ತನ್ನ ಮೇಲೆಯೇ ಸಿಟ್ಟು ಬಂತು, ಅಳುವೂ ಬಂತು.

"ಅಕ್ಕನೇ ಮೇಡಂ," ಎಂದ.

ಪರಮೇಶ ಹಣೆ ಚಚ್ಚಿಕೊಂಡ. ಕೋಮಲ ಗಂಡನನ್ನು ಹೊಸದಾಗಿ ನೋಡುವವಳಂತೆ ನೋಡಿದಳು. ಪವಿತ್ರ ಕಾಗದಗಳನ್ನು ಕಟ್ಟಿ ಅವನ ಕಡೆ ತಳ್ಳಿ, "ಮುಂದಿನವರು," ಎಂದರು.

"ನಿಲ್ಲಿ ಮೇಡಂ!"

ಸದಾಶಿವಪ್ಪ ಬೆಂಚಿನಿಂದ ಹಾರಿ ಎದ್ದಿದ್ದ. ಜನರನ್ನು ನೂಕಿಕೊಂಡು ಮೇಜಿನವರೆಗೆ ಬಂದ. "ಅವನ್ಯಾವ ಸೀಮೆ ತಮ್ಮ? ನಾನು ತಮ್ಮ! ಅವಳ ಬೆನ್ನಿಗೆ ಬಿದ್ದೋನು ನಾನು! ನನ್ನ ಎತ್ಕಂಡು ಬಾವಿಕಟ್ಟೆ ಮ್ಯಾಲಿಂದ ಬಿದ್ದವಳೆ ಅವಳು. ನೋಡಿ, ಗಾಯ ಇನ್ನೂ ಅದೆ!" ಎಂದು ಪಂಚೆ ಎತ್ತಿ ಮಂಡಿಯನ್ನು ಮೇಜಿನ ಮೇಲಿಟ್ಟ.

"ಗಾಯ ಬೇಡ, ಆಧಾರ್ ಸಾಕು," ಎಂದರು ಪವಿತ್ರ ಗಾಬರಿಯಿಂದ.

ಶಿವರತ್ನಮ್ಮ ತಮ್ಮನನ್ನು ಮೇಲಿಂದ ಕೆಳಗೆ ನೋಡಿದಳು. "ಇವತ್ತು ನೆಪ್ಪಾಯ್ತೇನ್ಲಾ?"

"ತಪ್ಪಾಯ್ತು ಕಣಕ್ಕಾ." ಸದಾಶಿವಪ್ಪ ಚಿಕ್ಕ ಹುಡುಗನಂತೆ ಅತ್ತ. "ಮನೆ ಮಾರೋದೇ ಬ್ಯಾಡ ಬುಡಕ್ಕಾ. ನಿನ್ ತವರು ನಿಂಗೇ ಇರ್ಲಿ."

ಚನ್ನಬಸವ ಕುರ್ಚಿಗಾಗಿ ತಡಕಾಡಿದ. ಸಿಗಲಿಲ್ಲ, ನೆಲದ ಮೇಲೇ ಕುಳಿತ.

"ಬಾಯ್ಮುಚ್ಚು," ಎಂದಳು ಶಿವರತ್ನಮ್ಮ. "ನೀನ್ ಅನೂರಲ್ಲಿ ಇರ್ತೀಯ, ನಾನ್ ಯಳಂದೂರಲ್ಲಿ ಇರ್ತೀನಿ. ಅಲ್ಲಿ ದೀಪ ಅಚ್ಚೋರ್ ಯಾರು? ಈ ಕೋಮಲ ಅಚ್ಚತಾವಳೆ, ಇವಳೇ ಅಚ್ಚಲಿ." ಪವಿತ್ರ ಅವರ ಕಡೆ ತಿರುಗಿದಳು. "ಬರ್ಕಳವ್ವಾ. ಅವನು ಉಟ್ಟಿದ್ ತಮ್ಮ, ಇವನು ಸಿಕ್ಕಿದ್ ತಮ್ಮ. ನಂಗೆ ಇಬ್ರೂ ಬೇಕು."

"ಸಿಕ್ಕಿದವರಿಗೆ ವಂಶವೃಕ್ಷದಲ್ಲಿ ಜಾಗ ಇಲ್ಲಮ್ಮ," ಎಂದರು ಪವಿತ್ರ, ನಗು ತಡೆಯಲು ತುಟಿ ಕಚ್ಚಿಕೊಂಡು.

"ಅಂಗಂದ್ರೆ ಬಾಗವೂ ಇಲ್ಲ ತಾನೆ? ಎಲ್ಲಿ ಎಬ್ಬೆಟ್ಟು ಒತ್ಬೇಕು ತೋರ್ಸು."

ಹೆಬ್ಬೆಟ್ಟು ಬಿತ್ತು, ಫೋಟೊ ತೆಗೆದರು, ಮುದ್ರೆ ಬಿತ್ತು. ಚನ್ನಬಸವ ಮನೆಯ ಯಜಮಾನನಾದ. ಕ್ರಯಪತ್ರ ಎದೆಗೊತ್ತಿಕೊಂಡು ಎಲ್ಲರೂ ಬೀದಿಗೆ ಬರುವ ಹೊತ್ತಿಗೆ ದೀಪ ಹತ್ತುತ್ತಿತ್ತು. ಸ್ವಂತ ಮನೆಗೆ ಮೊದಲ ಸಲ ಬಲಗಾಲಿಡಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದ ಚನ್ನಬಸವ ಜಗಲಿ ಹತ್ತಿ ಕಾಲೆತ್ತಿದ.

"ತಡಿ," ಎಂದಳು ಶಿವರತ್ನಮ್ಮ. "ಮನೆಮಗಳು ಮೊದ್ಲು ಒಳಿಕ್ಕೆ ಓಗ್ಬೇಕು."

ಕೋಮಲಳ ಕೈ ಹಿಡಿದುಕೊಂಡು ಒಳಗೆ ಹೋಗಿ ಬಾಗಿಲು ಅರೆ ಮುಚ್ಚಿದಳು. ಮಾರಿದವನೂ ಕೊಂಡವನೂ ಜಗಲಿಯ ಮೇಲೆ ಉಳಿದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇಂಥ ಸಂದರ್ಭದಲ್ಲಿ ಕಾನೂನು ಏನು ಹೇಳುತ್ತದೆಂದು ಚನ್ನಬಸವ ಯೋಚಿಸಿದ, ಅದು ಏನೂ ಹೇಳುವಂತೆ ಕಾಣಲಿಲ್ಲ. ಒಳಗೆ ಪಾತ್ರೆ ಸದ್ದಾಯಿತು, ಇಬ್ಬರು ಹೆಂಗಸರು ಏನಕ್ಕೋ ನಕ್ಕರು, ಒಗ್ಗರಣೆಯ ವಾಸನೆ ಬಂತು.

"ತಮ್ಮಾ, ಕಾಲ್ ತೊಳ್ಕಂಡ್ ಬಾ ಊಟಕ್ಕೆ," ಎಂದು ಒಳಗಿನಿಂದ ಕೂಗು ಬಂತು.

"ಬಂದೆ ಅಕ್ಕಾ," ಎಂದು ಇಬ್ಬರೂ ಒಟ್ಟಿಗೇ ಎದ್ದರು, ಒಟ್ಟಿಗೇ ನುಗ್ಗಿದರು. ಆ ಹಳೇ ಬಾಗಿಲು ಒಬ್ಬರಿಗಾಗುವಷ್ಟೇ ಅಗಲವಿತ್ತು. ಭುಜಕ್ಕೆ ಭುಜ ಸಿಕ್ಕಿಕೊಂಡು, ಹಿಂದಕ್ಕೂ ಬಾರದೆ ಮುಂದಕ್ಕೂ ಹೋಗದೆ ನಿಂತವರನ್ನು ಕಡೆಗೆ ಅಕ್ಕನೇ ಬಂದು ಒಬ್ಬೊಬ್ಬರ ಕೈ ಹಿಡಿದು ಒಳಗೆಳೆದುಕೊಂಡಳು.